ನಲಿಕಲಿ ಕೋಣೆಯಲ್ಲಿ ಒಂದು ವರ್ಷ: ಮೂರು ತರಗತಿ, ಒಂದೇ ಚಪ್ಪರ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಹೋಬಳಿಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ಒಂದರಿಂದ ಐದನೇ ತರಗತಿವರೆಗೆ ಇರುವ ಶಾಲೆ. ನಾಲ್ಕು, ಐದು ಹೆಡ್‌ಮೇಷ್ಟ್ರದು. ಒಂದು, ಎರಡು, ಮೂರು ನನ್ನದು. ಈ ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಾರ್ಡು ಹಿಡಿದು ಗುಂಪುಗಳಲ್ಲಿ ಕಲಿಯುವ ಈ ಪದ್ಧತಿಗೆ ನಲಿಕಲಿ ಎನ್ನುತ್ತಾರೆ. "ಅದ್ಹೇಗೆ ಮೇಡಂ, ಮೂರು ಕ್ಲಾಸಿಗೂ ಒಟ್ಟಿಗೇ ಪಾಠ ಮಾಡ್ತೀರಾ?" ಎಂದು ಊರಿನವರು ಕೇಳುತ್ತಾರೆ. ಹಾಸನದಲ್ಲಿರುವ ನಮ್ಮ ಅಕ್ಕನೂ ಕೇಳುತ್ತಾಳೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಕೋಣೆ ಹೇಗಿದೆ ಹೇಳುತ್ತೇನೆ. ಬೆಂಚು, ಡೆಸ್ಕು ಇಲ್ಲ. ಚಾಪೆ ಇದೆ. ಗೋಡೆಯ ಕೆಳಗಡೆ, ಮಕ್ಕಳ ಕೈಗೆ ಎಟುಕುವಷ್ಟು ಎತ್ತರಕ್ಕೆ, ಸುತ್ತಲೂ ಕಪ್ಪು ಬಣ್ಣ ಬಳಿದಿದೆ. ಅದನ್ನು ಗೆರೆ ಎಳೆದು ಪಾಲು ಮಾಡಿದ್ದೇವೆ. ಪ್ರತಿ ಮಗುವಿಗೂ ಒಂದು ಪಾಲು, ಅದರ ಮೇಲೆ ಮಗುವಿನ ಹೆಸರು. ಅಲ್ಲಿ ಅವರು ಏನು ಬೇಕಾದರೂ ಬರೆಯಬಹುದು. ತಲೆಯ ಮೇಲೆ ಅಡ್ಡಡ್ಡಕ್ಕೆ ದಾರ ಕಟ್ಟಿ ಮಕ್ಕಳ ಚಿತ್ರ, ಪದಗಳನ್ನು ತೂಗುಹಾಕಿದ್ದೇವೆ. ಅದೇ ಚಪ್ಪರ. ಒಂದು ಗೋಡೆಗೆ ಕಲಿಕಾ ಏಣಿ. ಏಣಿಯ ಮೆಟ್ಟಿಲು ಮೆಟ್ಟಿಲಿಗೂ ಒಂದು ಪುಟ್ಟ ಚಿತ್ರ ಇರುತ್ತದೆ. ಅದೇ ಚಿತ್ರ ಇರುವ ಕಾರ್ಡು ಪಕ್ಕದ ಸ್ಟ್ಯಾಂಡಿನಲ್ಲಿ ಇರುತ್ತದೆ. ಮಗು ಬಂದು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿಕೊಳ್ಳುತ್ತದೆ. ಕಾರ್ಡು ತಾನೇ ತೆಗೆದುಕೊಳ್ಳುತ್ತದೆ. ಆ ಕಾರ್ಡು ಯಾವ ಗುಂಪಿಗೆ ಸೇರಿದ್ದೋ ಅಲ್ಲಿ ಹೋಗಿ ಕೂರುತ್ತದೆ. ಈ ಗುಂಪುಗಳಿಗೆ ನಾವು ತಟ್ಟೆ ಎನ್ನುತ್ತೇವೆ, ಒಟ್ಟು ಐದು. ಒಂದು ತಟ್ಟೆಯಲ್ಲಿ ನಾನು ಪೂರ್ತಿ ಜೊತೆಗಿರಬೇಕು, ಇನ್ನೊಂದರಲ್ಲಿ ಸ್ವಲ್ಪ ಹೇಳಿಕೊಟ್ಟರೆ ಸಾಕು. ಆಮೇಲಿನವು ಸಹಪಾಠಿಗಳ ಸಹಾಯದ ತಟ್ಟೆಗಳು. ಕೊನೆಯದು ಸ್ವಕಲಿಕೆ, ಯಾರ ಸಹಾಯವೂ ಬೇಡ.

ಈ ನಲಿಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ನಮ್ಮ ಕಡೆಗೆ ಒಗ್ಗುವ ಹಾಗೆ ಇದನ್ನು ಕಟ್ಟಿದರು. ಯುನಿಸೆಫ್ ನೆರವು ಇತ್ತು. 2009-10ರಿಂದ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಹೆಗ್ಗಡದೇವನಕೋಟೆಯೂ ಕಾಡಂಚಿನ ಊರುಗಳ ತಾಲ್ಲೂಕು. ಮಕ್ಕಳು ದಿನಾ ಬರುತ್ತಾರೆ ಎಂದು ಹೇಳುವ ಹಾಗಿರಲಿಲ್ಲ. ನಮ್ಮ ಕಾಫಿ ಸೀಮೆಯಲ್ಲೂ ಹಾಗೇ. ಇದನ್ನು ಮುಂದೆ ಹೇಳುತ್ತೇನೆ.

ನಮ್ಮ ದಿನ ಶುರುವಾಗುವುದು ಶುಭಾಶಯ ವಿನಿಮಯದಿಂದ. ಆಮೇಲೆ ಹವಾಮಾನ ನಕ್ಷೆ. ಬಿಸಿಲು, ಮೋಡ, ಮಳೆ, ಗಾಳಿ, ಹೀಗೆ ಚಿತ್ರಗಳಿರುತ್ತವೆ. ಇವತ್ತಿನದು ಯಾವುದೋ ಅದನ್ನು ಒಂದು ಮಗು ಗುರುತು ಮಾಡಬೇಕು. ಆದರೆ ಜೂನ್, ಜುಲೈನಲ್ಲಿ ನಮ್ಮಲ್ಲಿ ದಿನಾ ಮಳೆಯೇ. ದಿನಾ ಅದೇ ಚಿತ್ರಕ್ಕೆ ಗುರುತು ಹಾಕಿ ಮಕ್ಕಳಿಗೆ ಬೇಜಾರಾಗಿತ್ತು. ಆಗ ಮೂರನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ನಿನ್ನೆ ಎರಡು ಇಂಚು ನಲವತ್ತು ಸೆಂಟ್ಸು" ಎಂದ. ಅವನ ಅಪ್ಪ ಎಸ್ಟೇಟಿನಲ್ಲಿ ರೈಟರ್. ದಿನಾ ಬೆಳಗ್ಗೆ ಮಳೆ ಅಳೆದು ಪುಸ್ತಕಕ್ಕೆ ಬರೆಯುವುದು ಅವರ ಕೆಲಸ. ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟ್ಸಿನಲ್ಲೇ ಮಾತಾಡುತ್ತಾರೆ ಅಲ್ವಾ? ಒಂದು ಇಂಚಿಗೆ ನೂರು ಸೆಂಟ್ಸು. ಆ ಲೆಕ್ಕ ಮನೆಯಲ್ಲಿ ಕೇಳಿ ಕೇಳಿ ಮಕ್ಕಳಿಗೂ ಗೊತ್ತು.

ಅವತ್ತೇ ನಾವೂ ಮಳೆ ಅಳೆಯಲು ಶುರು ಮಾಡಿದೆವು. ಇದನ್ನು ಬೇರೆ ಶಿಕ್ಷಕರೂ ಮಾಡಬಹುದು ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನೇರ ಮೈ ಇರುವ ನೀರಿನ ಬಾಟಲಿ ಬೇಕು. ಮೇಲಿನ ಕತ್ತನ್ನು ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಬಾಟಲಿಯೊಳಗೆ ಕೂರಿಸಬೇಕು. ಬಾಟಲಿಯ ತಳ ಸಮ ಇರುವುದಿಲ್ಲ. ಅದಕ್ಕೆ ತಳಕ್ಕೆ ಒಂದಿಷ್ಟು ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ಸುರಿಯಬೇಕು. ಆ ನೀರಿನ ಮಟ್ಟಕ್ಕೆ ಸ್ಕೇಲಿನ ಸೊನ್ನೆ ಬರುವಂತೆ ಅಂಟಿಸಿದರೆ ಮುಗಿಯಿತು. ಮರದ ಹನಿ ಬೀಳದ ಬಯಲಲ್ಲಿ, ಗಾಳಿಗೆ ಬೀಳದ ಹಾಗೆ ಇಟ್ಟಿಗೆ ಕೊಟ್ಟು ನಿಲ್ಲಿಸಬೇಕು. ದಿನಾ ಒಂದೇ ಹೊತ್ತಿಗೆ ನೋಡಿ, ನೀರನ್ನು ಮತ್ತೆ ಸೊನ್ನೆಗೆ ತರಬೇಕು.

ದಿನಾ ಬೆಳಗ್ಗೆ ಇಬ್ಬರು ಹೋಗಿ ನೋಡಿ ಬರುತ್ತಾರೆ. ನೀರು ಎಷ್ಟು ಎತ್ತರ ನಿಂತಿದೆಯೋ ಅಷ್ಟೇ ಉದ್ದದ ಬಣ್ಣದ ಕಾಗದದ ಪಟ್ಟಿ ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ. ಒಂದು ವಾರಕ್ಕೆ ಪಟ್ಟಿಗಳ ಸಾಲು. ಅದರ ಮುಂದೆ ನಿಂತರೆ ಪ್ರಶ್ನೆ ನಾನು ಕೇಳಬೇಕಾಗಿಯೇ ಇಲ್ಲ. ಯಾವತ್ತು ಜಾಸ್ತಿ ಬಂತು, ಸೋಮವಾರಕ್ಕಿಂತ ಮಂಗಳವಾರ ಎಷ್ಟು ಕಡಿಮೆ, ಎಲ್ಲ ಅವರೇ ಜಗಳ ಆಡಿ ಹೇಳುತ್ತಾರೆ. ಎರಡನೇ ತರಗತಿಯವರು ಪಟ್ಟಿಯನ್ನು ಪಟ್ಟಿಯ ಪಕ್ಕ ಇಟ್ಟು ಕಳೆಯುವ ಲೆಕ್ಕ ಮಾಡಿದರು. ಮೂರನೆಯವರು ಸ್ಕೇಲಿನಲ್ಲಿ ಅಳೆದರು. ಒಂದನೆಯವರಿಗೆ ಉದ್ದ, ಗಿಡ್ಡ ಗೊತ್ತಾಯಿತು. ಮೂರು ತರಗತಿಗೂ ಒಂದೇ ಚಟುವಟಿಕೆ ಸಾಲುವುದು ಹೇಗೆ ಎಂದು ಕೇಳುವವರಿಗೆ ನಾನು ಈ ಗೋಡೆ ತೋರಿಸುತ್ತೇನೆ. ಜುಲೈನಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟಾಗ ಕೆಲವು ಮಕ್ಕಳು ಮನೆ ಅಂಗಳದಲ್ಲೇ ಬಾಟಲಿ ಇಟ್ಟು ಅಳೆದು, ಚೀಟಿಯಲ್ಲಿ ಬರೆದು ತಂದರು.

ಹಾಜರಿ ಆದ ಮೇಲೆ ಊಟದ ಲೆಕ್ಕ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾರಿಗೆ ಯಾವುದು ಎಂದು ಬೆಳಗ್ಗೆಯೇ ಅಡುಗೆ ಅಕ್ಕನಿಗೆ ಹೇಳಬೇಕು. ಈ ಕೆಲಸವನ್ನು ಎರಡನೇ ತರಗತಿಯವರಿಗೆ ಬಿಟ್ಟಿದ್ದೇನೆ. ಬಂದವರು ಇಷ್ಟು, ಮೊಟ್ಟೆ ಇಷ್ಟು, ಹಣ್ಣು ಇಷ್ಟು, ಎರಡೂ ಕೂಡಿದರೆ ಬಂದವರ ಲೆಕ್ಕಕ್ಕೆ ಸರಿಹೋಗಬೇಕು. ತಪ್ಪಾದರೆ ಅಡುಗೆ ಅಕ್ಕ ವಾಪಸ್ ಕಳಿಸುತ್ತಾರೆ, "ಹೋಗಪ್ಪಾ, ಇನ್ನೊಂದ್ಸಲ ಎಣಿಸ್ಕೊಂಡ್ ಬಾ" ಎಂದು. ಪುಸ್ತಕದ ಲೆಕ್ಕ ತಪ್ಪಾದರೆ ಮಕ್ಕಳು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊಟ್ಟೆಯ ಲೆಕ್ಕ ತಪ್ಪಾದರೆ ಒಬ್ಬರಿಗೆ ಊಟದಲ್ಲಿ ಕಡಿಮೆ ಬೀಳುತ್ತದೆ. ಅದಕ್ಕೇ ಅದನ್ನು ಎರಡೆರಡು ಸಲ ಎಣಿಸುತ್ತಾರೆ.

ಇನ್ನು ಓದು. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ.

ಜುಲೈ, ಆಗಸ್ಟ್ ಹೊತ್ತಿಗೆ ಒಂದನೇ ತರಗತಿಯ ಅಪ್ಪ ಅಮ್ಮಂದಿರು ಬರಲು ಶುರು ಮಾಡಿದರು. "ಮೇಡಂ, ಇನ್ನೂ ಅ ಆ ಇ ಈನೇ ಹೇಳಿಕೊಟ್ಟಿಲ್ವಂತೆ. ಪಕ್ಕದ ಮನೆ ಮಗು ಕಾನ್ವೆಂಟಿಗೆ ಹೋಗುತ್ತೆ, ಪೂರ್ತಿ ಹೇಳುತ್ತೆ." ಅವರ ಆತಂಕ ಸಹಜ. ಶಾಲೆಗೆ ಹೋದ ಮೇಲೆ ಮೊದಲು ಬರಬೇಕಾದದ್ದು ವರ್ಣಮಾಲೆ ಎಂದೇ ನಾವೆಲ್ಲ ಕಲಿತದ್ದು. ನಲಿಕಲಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭ, ಒಂದರ ತಿರುವು ಇನ್ನೊಂದಕ್ಕೆ ಹತ್ತಿರ. ಅದಕ್ಕಿಂತ ದೊಡ್ಡ ಕಾರಣ, ಐದು ಅಕ್ಷರ ಬಂದ ಕೂಡಲೇ ಮಗು ಪದ ಓದುತ್ತದೆ. ಸರ, ರಸ, ಅರಸ, ಅಗಸ, ಗರಗಸ. ಇನ್ನೈದು ಸೇರಿದರೆ ಮರ, ದನ, ಜನ, ಬಸವ, ಅವಸರ. ಆ ಅಮ್ಮಂದಿರನ್ನು ಕೋಣೆಯೊಳಗೆ ಕರೆದು ಕೂರಿಸಿದೆ. ಅವರ ಮಗುವಿನ ಕೈಗೇ ಕಾರ್ಡು ಕೊಟ್ಟೆ. ಮಗು "ಗ ರ ಗ ಸ, ಗರಗಸ" ಎಂದು ಓದಿತು. ಒಬ್ಬ ತಾಯಿ, "ಅಯ್ಯೋ, ಇವಳು ಓದ್ತಾಳೆ!" ಎಂದು ಎದ್ದೇ ನಿಂತರು. ಅಲ್ಲಿಂದಾಚೆ ಅ ಆ ಇ ಈ ಬಗ್ಗೆ ಅವರು ಕೇಳಲಿಲ್ಲ. ಪೂರ್ತಿ ವರ್ಣಮಾಲೆ ಕೊನೆಗೆ ಬರುತ್ತದೆ, ಅಷ್ಟೊತ್ತಿಗೆ ಅಕ್ಷರಗಳೆಲ್ಲ ಪರಿಚಯ ಆಗಿರುತ್ತವೆ.

ಆದರೆ ಕಾರ್ಡಿನಲ್ಲಿರುವ ಪದ ಸಾಲುವುದಿಲ್ಲ. ಅರಸ, ಅಗಸ ನಮ್ಮ ಮಕ್ಕಳ ಬಾಯಲ್ಲಿ ದಿನಾ ಬರುವ ಪದಗಳಲ್ಲ. ಅದಕ್ಕೆ ನಾನು ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಬೆಳಗ್ಗೆ ಮಕ್ಕಳು ಹೇಳುವ ಸುದ್ದಿಯಲ್ಲಿ ಒಂದೆರಡು ಪದ ಆರಿಸಿ, ದಪ್ಪಕ್ಷರದಲ್ಲಿ ಬರೆದು ಚಪ್ಪರಕ್ಕೆ ಕಟ್ಟುವುದು. ಮಳೆಗಾಲದಲ್ಲಿ ಬಂದ ಪದಗಳು ಉಂಬಳ, ಏಡಿ, ಕಳಲೆ, ಅಣಬೆ, ಕೊಪ್ಪೆ. ಕೆಲಸದ ಕಾಲದಲ್ಲಿ ಹಣ್ಣು, ಚೀಲ, ಕಣ, ಏಣಿ. ಮಾಮೂಲಿ ಕಾಗದ ನಮ್ಮ ತಂಪಿಗೆ ಒದ್ದೆಯಾಗಿ ಎರಡೇ ದಿನಕ್ಕೆ ಜೋತುಬೀಳುತ್ತಿತ್ತು. ಹಳೇ ಮದುವೆ ಪತ್ರಿಕೆಗಳನ್ನು ಮನೆಮನೆಯಿಂದ ತರಿಸಿಕೊಂಡೆ. ದಪ್ಪ ಕಾಗದ, ಹಿಂದೆ ಖಾಲಿ ಜಾಗ, ಮಳೆಗಾಲ ಪೂರ್ತಿ ಬಾಳಿದವು.

ಮಗು ಚಪ್ಪರದ ಕೆಳಗೆ ನಿಂತು ತನಗೆ ಗೊತ್ತಿರುವ ಅಕ್ಷರ ಹುಡುಕುತ್ತದೆ. "ಅಣಬೆ"ಯಲ್ಲಿ ಅ ಇದೆ, "ಏಡಿ"ಯಲ್ಲಿ ಒಂದೂ ಇಲ್ಲ. ಆದರೂ ಏಡಿ ಯಾವುದು ಎಂದು ಎಲ್ಲರಿಗೂ ಗೊತ್ತು. ಏಕೆಂದರೆ ಅವತ್ತು ಏಡಿ ಕಚ್ಚಿಸಿಕೊಂಡು ಬಂದವನು ಬೆರಳು ತೋರಿಸುತ್ತಾ ಕಥೆ ಹೇಳಿದ್ದ. ಮಕ್ಕಳು ಆಡಿದ ಮಾತೇ ಅವರ ಮೊದಲ ಪುಸ್ತಕ ಆಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಬಾಯಲ್ಲಿ ಇಲ್ಲದ ಪದವನ್ನು ಕಣ್ಣಿಗೆ ಕಲಿಸುವುದು ಬಹಳ ಕಷ್ಟ. ಮಾತಾಡದ ತರಗತಿಯಲ್ಲಿ ಓದು ಬರಬಹುದು, ಅರ್ಥ ಬರುವುದಿಲ್ಲ. ಎಷ್ಟೋ ಕಡೆ ಸದ್ದಿಲ್ಲದ ಕ್ಲಾಸನ್ನೇ ಒಳ್ಳೆಯ ಕ್ಲಾಸು ಎನ್ನುತ್ತಾರೆ. ನಮ್ಮ ಕೋಣೆಯಲ್ಲಿ ಗಲಾಟೆ ಜಾಸ್ತಿ. ಹೆಡ್‌ಮೇಷ್ಟ್ರು ಅದನ್ನು ಒಂದು ದಿನವೂ ತಡೆಯಲಿಲ್ಲ. ಅವರಿಗೆ ನಾನು ಋಣಿ. ಕಾರ್ಡು, ತಟ್ಟೆ, ಏಣಿಯ ಲೆಕ್ಕವನ್ನು ನನ್ನ ಪಕ್ಕದಲ್ಲಿ ಕೂತು ಕಲಿಸಿದವರೂ ಅವರೇ.

ನಮ್ಮ ತಾಲ್ಲೂಕಿನಲ್ಲಿ ಈ ಮಾತಿನ ವಿಷಯ ಇನ್ನೂ ಮುಖ್ಯ. ತೋಟದ ಕೆಲಸಗಾರರ ಸಾಲು ಮನೆಗಳಿಂದ, ಅಂದರೆ ಲೈನ್ ಮನೆಗಳಿಂದ ಬರುವ ಮಕ್ಕಳ ಮನೆಯಲ್ಲಿ ತಮಿಳು ಇರುತ್ತದೆ, ತುಳು ಇರುತ್ತದೆ. ಈಚೆಗೆ ಅಸ್ಸಾಂನಿಂದ ಬಂದ ಕುಟುಂಬಗಳೂ ತೋಟಗಳಲ್ಲಿವೆ. ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್‌ನಲ್ಲಿ ಹೀಗೇ ಒಂದು ಮಗು ಬಂತು. ಒಂದನೇ ತರಗತಿಗೆ ಸೇರಿಸಿಕೊಂಡೆವು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವರ್ಷದ ಯಾವ ಹೊತ್ತಿಗೆ ಬಂದರೂ ಸೇರಿಸಿಕೊಳ್ಳಬೇಕು, ಕಾಗದಪತ್ರ ಇಲ್ಲ ಎಂದು ವಾಪಸ್ ಕಳಿಸುವ ಹಾಗಿಲ್ಲ. ಹುಡುಗಿಗೆ ಕನ್ನಡದ ಒಂದು ಪದವೂ ಗೊತ್ತಿರಲಿಲ್ಲ. ಅವಳ ಭಾಷೆ ನನಗೆ ಗೊತ್ತಿರಲಿಲ್ಲ.

ಅವಳನ್ನು ಎರಡನೇ ತರಗತಿಯ ಒಬ್ಬ ಹುಡುಗಿಯ ಪಕ್ಕ ಕೂರಿಸಿದೆ. ಇವಳ ಮನೆಮಾತು ತಮಿಳು. ಹಿಂದಿನ ವರ್ಷ ಇವಳೂ ಹಾಗೇ ಬಂದವಳು. ಹೊಸಬಳಿಗೆ ಏನು ಬೇಕು ಎಂದು ನನಗಿಂತ ಇವಳಿಗೆ ಚೆನ್ನಾಗಿ ಗೊತ್ತಿತ್ತು. ಕೈ ಹಿಡಿದು ನೀರಿನ ಜಾಗ, ಶೌಚಾಲಯ, ಚಪ್ಪಲಿ ಬಿಡುವ ಜಾಗ ತೋರಿಸಿದಳು. ತೋರಿಸುವಾಗೆಲ್ಲ ಹೆಸರು ಹೇಳುತ್ತಿದ್ದಳು, "ನೀರು. ಹೇಳು, ನೀರು." ಅವಳು ಹೇಳುತ್ತಿರಲಿಲ್ಲ. ಇವಳು ಬಿಡುತ್ತಲೂ ಇರಲಿಲ್ಲ. ಹೊಸಬಳು ಊಟ ಮಾಡುತ್ತಿದ್ದಳು, ಆಡುತ್ತಿದ್ದಳು, ಗೋಡೆಯ ಪಾಲಿನಲ್ಲಿ ಚಿತ್ರ ಬರೆಯುತ್ತಿದ್ದಳು. ಮಾತು ಮಾತ್ರ ಇಲ್ಲ. ನಾನು ಒತ್ತಾಯ ಮಾಡಲಿಲ್ಲ. ಮಗು ಕೇಳಿಸಿಕೊಳ್ಳುತ್ತಿದೆ ಎಂದರೆ ಅದು ಕಲಿಯುತ್ತಿದೆ ಎಂದೇ ಲೆಕ್ಕ.

ಒಂದು ಬೆಳಗ್ಗೆ ಅರ್ಧ ಮಕ್ಕಳು ತಡವಾಗಿ ಬಂದರು. ತೋಟದಲ್ಲಿ ಆನೆ ಇತ್ತು. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇದು ಹೊಸದಲ್ಲ. ಆನೆ ಯಾವ ಕಡೆ ಇದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ, ಅದು ದಾಟುವ ತನಕ ಯಾರೂ ಮನೆಯಿಂದ ಹೊರಡುವುದಿಲ್ಲ. ಅವತ್ತು ಸುದ್ದಿ ಹೇಳುವ ಹೊತ್ತಿನಲ್ಲಿ ಎಲ್ಲರಿಗೂ ಆನೆಯದೇ ಮಾತು. ಆಗ ಈ ಹುಡುಗಿ ಎದ್ದಳು. ಒಂದು ಕೈಯನ್ನು ಸೊಂಡಿಲು ಮಾಡಿಕೊಂಡು ಕೋಣೆ ತುಂಬ ನಡೆದಳು. ಆಮೇಲೆ ಬಗ್ಗಿ, ಸಣ್ಣ ಹೆಜ್ಜೆ ಹಾಕುತ್ತಾ ಇನ್ನೊಂದು ಸಲ ನಡೆದಳು. ಮಕ್ಕಳು ಕಿರುಚಿದರು, "ಮರಿ! ಮಿಸ್, ಮರಿ ಇತ್ತಂತೆ!" ಅವಳು ತಲೆಯಾಡಿಸಿ, "ಮರಿ" ಎಂದಳು.

ಅವಳಿಗೆ ಆ ವಾರದ ಪಾಠ ಅಲ್ಲೇ ಸಿಕ್ಕಿತು. "ಮರಿ" ಎಂದು ಬರೆದು ಚಪ್ಪರಕ್ಕೆ ಕಟ್ಟಿದೆವು. ಕೆಳಗೆ ಆನೆಯ ಚಿತ್ರ ಅವಳೇ ಬರೆದಳು. ಮಕ್ಕಳು ಸರದಿಯಲ್ಲಿ ಆನೆ ಆದರು, ತೋಟದ ಕಾವಲುಗಾರ ಆದರು, ಇಲಾಖೆಯವರಾದರು. ಮಾತು ಇಷ್ಟೇ: "ಆನೆ ಬಂತು. ಮರಿ ಬಂತು. ಓಡು." ಇದನ್ನೇ ಅವಳೂ ಹೇಳಿದಳು, ಎಲ್ಲರಿಗಿಂತ ಗಟ್ಟಿಯಾಗಿ. ಆ ಮೂರು ವಾಕ್ಯಗಳನ್ನು ಮೂರು ಕಾರ್ಡಿನ ಮೇಲೆ ಬರೆದುಕೊಟ್ಟಾಗ ಅವಳು ಅವನ್ನು ಬೆರಳಿಟ್ಟು ಓದಿದಳು. ಎಲ್ಲ ಅಕ್ಷರ ಗೊತ್ತಿದ್ದು ಓದಿದ್ದಲ್ಲ. ಆದರೆ ಓದು ಎಂದರೆ ಏನು ಎಂದು ಅವಳಿಗೆ ಗೊತ್ತಾಯಿತು. ಬರೆದದ್ದರಲ್ಲಿ ಮಾತು ಇದೆ ಎಂದು ಗೊತ್ತಾದ ಮಗು ಅಕ್ಷರಕ್ಕೆ ಹೆದರುವುದಿಲ್ಲ.

ಕೊಯ್ಲಿನ ಕಾಲದಲ್ಲಿ ಗೈರುಹಾಜರಿ ಜಾಸ್ತಿ. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವರು, ಅಮ್ಮನ ಜೊತೆ ತೋಟಕ್ಕೆ ಹೋಗುವವರು. ಮನೆಗೆ ಹೋಗಿ ಮಾತಾಡಿ ಬರುತ್ತೇವೆ, ಕೆಲವರು ಕಳಿಸುತ್ತಾರೆ, ಕೆಲವರಿಗೆ ಆಗುವುದಿಲ್ಲ. ಇಲ್ಲಿ ಏಣಿಯ ಬೆಲೆ ಗೊತ್ತಾಗುತ್ತದೆ. ಪಠ್ಯಪುಸ್ತಕ ಹಿಡಿದು ಎಲ್ಲರಿಗೂ ಒಟ್ಟಿಗೆ ಪಾಠ ಮಾಡಿದ್ದರೆ, ಹದಿನೈದು ದಿನ ಬಿಟ್ಟು ಬಂದ ಮಗುವಿಗೆ ತರಗತಿ ಎಲ್ಲೋ ಮುಂದೆ ಹೋಗಿರುತ್ತಿತ್ತು. ಏಣಿಯಲ್ಲಿ ಅದು ಬಿಟ್ಟ ಮೆಟ್ಟಿಲು ಹಾಗೇ ಇರುತ್ತದೆ. ಬಂದು ಅದೇ ಕಾರ್ಡು ತೆಗೆದುಕೊಂಡು ಕೂರುತ್ತದೆ.

ಗಣಿತಕ್ಕೆ ಆ ಕಾಲದಲ್ಲಿ ಕಾಫಿ ಹಣ್ಣೇ ಸಾಮಾನು. ಒಂದು ಹಣ್ಣು ಹಿಸುಕಿದರೆ ಎರಡು ಬೀಜ. ಐದು ಹಣ್ಣಿಗೆ ಹತ್ತು. ಎರಡರ ಮಗ್ಗಿಯನ್ನು ಬಾಯಿಪಾಠ ಮಾಡಿಸುವ ಮೊದಲೇ ಅವರ ಕೈಗೆ ಅದು ಬಂದಿತ್ತು. ಎಂಟು ಹಣ್ಣು ಹಿಸುಕಿ ಎಣಿಸುತ್ತಿದ್ದ ಹುಡುಗನೊಬ್ಬನಿಗೆ ಹದಿನೈದೇ ಬಂತು. ಮತ್ತೆ ಎಣಿಸಿದ. ಹದಿನೈದೇ. ಅಳು ಬರುವ ಹಾಗಾಗಿತ್ತು. ರೈಟರ್ ಮಗ ಬಂದು ಸಿಪ್ಪೆಗಳನ್ನೆಲ್ಲ ನೋಡಿ, ಒಂದು ದುಂಡನೆಯ ಬೀಜ ಎತ್ತಿ ತೋರಿಸಿದ. "ಇದು ಪೀಬೆರಿ ಕಣೋ. ಇದ್ರಲ್ಲಿ ಒಂದೇ ಇರೋದು." ಆಮೇಲೆ ಒಂದು ವಾರ ಎಲ್ಲರೂ ಪೀಬೆರಿ ಹುಡುಕಿದ್ದೇ ಹುಡುಕಿದ್ದು. ಇಷ್ಟು ಹಣ್ಣಿಗೆ ಎಷ್ಟು ಬೀಜ ಎಂದು ಕೇಳಿದರೆ, "ಪೀಬೆರಿ ಇದ್ಯಾ ಮಿಸ್?" ಎಂದು ಮೊದಲು ಕೇಳುತ್ತಿದ್ದರು.

ಕಷ್ಟ ಇಲ್ಲ ಎಂದಲ್ಲ. ಪ್ರಗತಿ ನೋಟ ತುಂಬುವುದು, ದಾಖಲೆ ಬರೆಯುವುದು, ಮೊಬೈಲಿನಲ್ಲಿ ಮಾಹಿತಿ ಕಳಿಸುವುದು, ಇದಕ್ಕೇ ತುಂಬ ಹೊತ್ತು ಹೋಗುತ್ತದೆ. ನಮ್ಮಲ್ಲಿ ಮೂರೂ ತರಗತಿ ಸೇರಿ ಇಪ್ಪತ್ತು ಚಿಲ್ಲರೆ ಮಕ್ಕಳು. ಇದರ ಎರಡರಷ್ಟು ಇದ್ದು, ಒಬ್ಬರೇ ಶಿಕ್ಷಕರಿದ್ದರೆ ಐದು ಗುಂಪು ನೋಡಿಕೊಳ್ಳುವುದು ಆಗದ ಮಾತು. ಮೂರನೇ ತರಗತಿಯವರು ಚಿಕ್ಕವರಿಗೆ ಹೇಳಿಕೊಡುತ್ತಲೇ ಇದ್ದರೆ ಅವರ ಸ್ವಂತ ಓದು ಹಿಂದೆ ಬೀಳುತ್ತದೆ. ಅದಕ್ಕೆ ಊಟದ ನಂತರದ ಹೊತ್ತನ್ನು ಅವರಿಗೇ ಮೀಸಲಿಟ್ಟೆ. ಚಿಕ್ಕವರು ಮಣ್ಣು, ಬಣ್ಣ, ಆಟದಲ್ಲಿರುವಾಗ ಇವರು ಉದ್ದದ ಕಥೆ ಓದುತ್ತಾರೆ, ನಾಲ್ಕು ಸಾಲು ಸ್ವಂತವಾಗಿ ಬರೆಯುತ್ತಾರೆ. ಇಲ್ಲೇ ಅವರಿಗೆ ಒತ್ತಕ್ಷರದ ಗಂಟು ಬಿಡಿಸಿದ್ದು.

ಶಾಲೆಯ ಗೋಡೆ ದಾಟಿ ಓದು ಹೊರಗೆ ಹೋಗುವುದನ್ನು ನೋಡುವುದು ನನಗೆ ಬಹಳ ಖುಷಿ. ಸಂಜೆ ಬಸ್ಸಿಗೆ ಕಾಯುವಾಗ ಒಂದನೇ ತರಗತಿಯವರು ಕೆಲವರು ನನ್ನ ಜೊತೆ ರಸ್ತೆವರೆಗೆ ಬರುತ್ತಾರೆ. ಬಸ್ಸಿನ ಬೋರ್ಡು ಓದುವುದು ಅವರ ಆಟ. ಮೊದಮೊದಲು "ಹಾಸನ" ಬೋರ್ಡಿನಲ್ಲಿ ಅವರಿಗೆ ಕೊನೆಯ ಎರಡು ಅಕ್ಷರ ಮಾತ್ರ ಬರುತ್ತಿತ್ತು. "ಸನ, ಸನ" ಎಂದು ಕೂಗಿ, ಆಮೇಲೆ "ಹಾಸನ!" ಎಂದು ತಾವೇ ಊಹಿಸಿದರು. "ಮೂಡಿಗೆರೆ"ಗೆ ಗುಣಿತಾಕ್ಷರ ಬರುವ ತನಕ ಕಾಯಬೇಕಾಯಿತು. ಜನವರಿ ಹೊತ್ತಿಗೆ ಅದೂ ಬಂತು. ಒಬ್ಬ ಹುಡುಗ ಬಸ್ಸು ತಿರುವಿನಲ್ಲಿ ಕಂಡ ಕೂಡಲೇ ಬೋರ್ಡು ಓದಿ ಅಲ್ಲಿದ್ದ ಅಜ್ಜಿಗೆ ಹೇಳುತ್ತಾನೆ, "ಅಜ್ಜಿ, ಇದು ನಿಮ್ಮ ಬಸ್ಸಲ್ಲ." ಅವರು ಅವನ ಮಾತು ನಂಬಿ ಕೂರುತ್ತಾರೆ.

ಮಾರ್ಚಿನಲ್ಲಿ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ ಬಿತ್ತು. ಮತ್ತೆ ಬಾಟಲಿ ಹೊರಗೆ ಇಟ್ಟೆವು. ಮಳೆ ಬಿದ್ದ ದಿನಕ್ಕೆ ಗೋಡೆಯ ಮೇಲೆ ಗುರುತು ಹಾಕಿ, ತೋಟದಲ್ಲಿ ಹೂ ಅರಳುವ ತನಕ ದಿನ ಎಣಿಸಿದೆವು. ಅಷ್ಟೊತ್ತಿಗೆ ಕೊಯ್ಲು ಮುಗಿದಿತ್ತು. ಅಸ್ಸಾಂನ ಕುಟುಂಬ ಬೇರೆ ಕಡೆ ಕೆಲಸಕ್ಕೆ ಹೊರಟಿತು. ಯಾವ ಊರು ಎಂದು ಅವರಿಗೂ ಖಚಿತ ಇರಲಿಲ್ಲ. ಹೊರಡುವ ಮೊದಲು ಅಮ್ಮ ಮಗಳು ಇಬ್ಬರೂ ಶಾಲೆಗೆ ಬಂದರು. ಅಮ್ಮನಿಗೆ ಮಗಳೇ ಕನ್ನಡದಿಂದ ಅವರ ಮಾತಿಗೆ ತಿಳಿಸಿ ಹೇಳುತ್ತಿದ್ದಳು. ಸರ್ಕಾರದ ದಾಖಲೆಯಲ್ಲಿ ಮಗುವಿನ ಗುರುತಿಗೆ ಇರುವ ಸ್ಯಾಟ್ಸ್ ನಂಬರ್ ಬರೆದ ಚೀಟಿ ಕೊಟ್ಟು, ಹೊಸ ಶಾಲೆಯಲ್ಲಿ ಇದನ್ನು ತೋರಿಸಿ ಎಂದೆ.

ನಂಬರಿನಿಂದ ಮಗು ಏನು ಕಲಿತಿದೆ ಎಂದು ಮುಂದಿನ ಶಿಕ್ಷಕರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಇನ್ನೊಂದು ಹಾಳೆ ಬರೆದು ಚೀಟಿಯ ಜೊತೆ ಪಿನ್ ಮಾಡಿದೆ. ಏಣಿಯಲ್ಲಿ ಯಾವ ಮೈಲಿಗಲ್ಲು ಮುಗಿದಿದೆ, ಯಾವ ಅಕ್ಷರಗಳು ಬರುತ್ತವೆ, ಎಷ್ಟರ ತನಕ ಎಣಿಸುತ್ತಾಳೆ, ಎಲ್ಲ ಬರೆದೆ. ಕೆಳಗೆ ಹೀಗೆ ಸೇರಿಸಿದೆ: "ಗುಂಪಿನಲ್ಲಿ ಕೂರಿಸಿದರೆ ಚೆನ್ನಾಗಿ ಮಾತಾಡುತ್ತಾಳೆ. ಒಬ್ಬಳನ್ನೇ ನಿಲ್ಲಿಸಿ ಕೇಳಿದರೆ ಮಾತಾಡುವುದಿಲ್ಲ. ಮೊದಲು ಚಿತ್ರ ಬರೆಯಲು ಕೊಡಿ. ಕಥೆಯಲ್ಲಿ ಪ್ರಾಣಿ ಇದ್ದರೆ ಅಭಿನಯಿಸಿ ಓದುತ್ತಾಳೆ." ಈಗ ಊರು ಬಿಟ್ಟು ಹೋಗುವ ಪ್ರತಿ ಮಗುವಿನ ಕೈಗೂ ಇಂಥ ಒಂದು ಹಾಳೆ ಕೊಡುತ್ತೇನೆ. ಬೇರೆ ಶಾಲೆಯಿಂದ ನಮ್ಮಲ್ಲಿಗೆ ಬರುವ ಮಕ್ಕಳ ಕೈಯಲ್ಲೂ ಇಂಥದ್ದೊಂದು ಇದ್ದರೆ ನನಗೆ ಅವರ ಜೊತೆ ಮೊದಲ ದಿನವೇ ಕೆಲಸ ಶುರು ಮಾಡಬಹುದು.